ಸಾವಂತ್ರೆವ್ವನ ಉಂಗುರ ಬೆರಳು

ಗೋವಾದ ಸಾಂಖಳ್ಯಾಗ ಒಂದ ಓಣಿಯೊಳಗ ಕೋಳಿ ಕೂಗೂದಕ್ಕಿಂತ ಮೊದಲ ಸಾವಂತ್ರೆವ್ವನ ರೊಟ್ಟಿ ಕೂಗತಿತ್ತು. ತಪ್ ತಪ್ ತಪಾ, ತಪ್ ತಪ್ ತಪಾ. ಅಲ್ಲಿದ್ದ ಒಂದ ಹುಂಜ ಈ ಸಪ್ಪಳ ಕೇಳಿ ಕೇಳಿ ತನ್ನ ಕೆಲಸ ತಪ್ಪಿತು ಅಂತ ತಿಳದು ಕೂಗೂದ ಬಿಟ್ಟಬಿಡ್ತು. ಮಾಲಕ ನೋಡಿದ, ಕೂಗದ ಹುಂಜ ಯಾಕ ಬೇಕು ಅಂತ ಸಾರ ಮಾಡಕೊಂಡ ಉಂಡ. ಇದು ಖರೇ ಏನ್ರಿ ಅಂತ ಕೇಳಬ್ಯಾಡ್ರಿ. ಹುಂಜನ್ನ ಕೇಳಬೇಕು, ಅದು ಈಗ ಇಲ್ಲ.

ಸಾವಂತ್ರೆವ್ವ ಹುನಗುಂದ ಕಡೆದಾಕಿ. ಗೋವಾಕ್ಕ ಬಂದು ಇಪ್ಪತ್ತೆರಡ ಮಳಿಗಾಲ ಆದ್ವು. ಇಲ್ಲಿ ವರ್ಷ ಎಣಸೂದಿಲ್ಲ, ಮಳಿಗಾಲ ಎಣಸ್ತಾರ. ಉಳದ ತಿಂಗಳೆಲ್ಲಾ ಅರಿವಿ ಒಣಗಿಸೂದ್ರಾಗ ಹೋಗಿಬಿಡತಾವ. ಗಂಡ ಹುಲಿಗೆಪ್ಪ ಗಿಲಾವ್ ಮಾಡಾವ. ಗ್ವಾಡಿಗೆ ಸಿಮೆಂಟ ಬಳದು ನುಣ್ಣಗ ಮಾಡೂದು ಅವನ ಕಸಬು. ಅವ ತಿಕ್ಕಿದ ಗ್ವಾಡಿ ಮುಂದ ನಿಂತು ಒಬ್ಬ ಸಾಹುಕಾರ ಕನ್ನಡಿ ಅಂತ ತಿಳದು ಗಡ್ಡ ಹೆರಕೊಂಡನಂತ. ಹೇಳಿದಾವ ಹುಲಿಗೆಪ್ಪನ, ಸಾಕ್ಷಿ ಯಾರೂ ಇಲ್ಲ.

ಸಾವಂತ್ರೆವ್ವನ ರೊಟ್ಟಿಗೆ ಮಾತ್ರ ಸಾಕ್ಷಿ ಭಾಳ ಮಂದಿ. ಊರ ಹೊರಗ ಫ್ಯಾಕ್ಟರಿ ಶೆಡ್ಡಿನ ಕಡೆ ಮೀರಾಸಾಬ ಒಂದ ಮೆಸ್ ನಡಸ್ತಾನ. ಅಲ್ಲಿ ಉಣ್ಣಾವ್ರೆಲ್ಲಾ ಬಾಗಲಕೋಟಿ, ಗದಗ, ವಿಜಾಪುರ ಕಡೆ ಹುಡುಗರು. ಗೋವಾದ ಮೀನ ಅನ್ನ ನಾಕ ದಿನ ಉಣ್ಣತಾರ, ಐದನೇ ದಿನ ರೊಟ್ಟಿ ಎಲ್ಲಿ ಅಂತಾರ. ಆ ರೊಟ್ಟಿ ಸಾವಂತ್ರೆವ್ವನ ಮನಿಂದ ಹೋಗತಿತ್ತು, ದಿನಾ ನೂರಾ ಐವತ್ತು. ಎಷ್ಟ ತೆಳ್ಳಗಂದ್ರ, ಎತ್ತಿ ಹಿಡದ್ರ ಆ ಕಡೆ ನಿಂತಾವ ಹಲ್ಲ ತಿಕ್ಕ್ಯಾನೋ ಇಲ್ಲೋ ಕಾಣತಿತ್ತು.

ರೊಟ್ಟಿ ಬಡಿಯೂದು ಆಕಿಗೆ ಕಲಿಸಿದಾಕಿ ಅತ್ತಿ ಬಾಳಮ್ಮ. ಬಾಳಮ್ಮ ತೀರಿಕೊಂಡು ಹತ್ತ ವರ್ಷಾತು, ಆದ್ರ ಒಲಿ ಮುಂದ ಕುಂತ್ರ ಸಾವಂತ್ರೆವ್ವಗ ಆಕಿ ಇನ್ನೂ ಬೆನ್ನ ಹಿಂದ ನಿಂತಂಗ ಇರತಿತ್ತು. ಎಸರ ಕುದೀಬೇಕು, ಹಿಟ್ಟ ನಾದಬೇಕು, ಪರಾತದಾಗ ಬಡದು ಅಂಗೈಯಾಗ ಎತ್ತಿ ಹಂಚಿಗೆ ಹಾಕಬೇಕು. ಹಾಕಿದ ಕೂಡ್ಲೆ ಬಟ್ಟಲದಾಗಿನ ಅರಿವಿ ತುಂಡ ತಗೊಂಡು, ಹಿಂಡಿ, ರೊಟ್ಟಿ ಮ್ಯಾಲ ನೀರ ಸವರಬೇಕು. "ಗಟ್ಟಿ ಹಿಂಡ ಸಾವಂತ್ರಿ. ಅರಿವ್ಯಾಗಿನ ನೀರ ಬಟ್ಟಲಕ್ಕ ವಾಪಸ್ ಬರಬೇಕು. ನೀರ ಹೊತ್ತಾಕಿಗೆ ಗೊತ್ತು ನೀರಿನ ತೂಕ" ಅನ್ನತಿದ್ಲು ಬಾಳಮ್ಮ. ಅಲ್ಲಿ ಗಂಡನ ಊರಾಗ ಬಾವಿ ಅವರ ಮನಿಂದ ಒಂದೂವರಿ ಮೈಲಿ. ಹಂಗಾಗಿ ಆ ಮನ್ಯಾಗ ಕಣ್ಣೀರೂ ಲೆಕ್ಕ ಹಚ್ಚಿ ಹಾಕತಿದ್ರಂತ.

ಬಡಿಯೋ ಕೈ ಚಲೋ ಇತ್ತು, ಮೈ ಚಲೋ ಇತ್ತು. ಮೇ ತಿಂಗಳದಾಗ ಒಂದ ಮುಂಜಾನಿ ಎದ್ದು ನೋಡ್ತಾಳ, ಬಲಗೈ ಉಂಗುರ ಬೆರಳು ಒಂದ ಮಡಚಿ ಕುಂತೈತಿ. ಉಳದ ನಾಕೂ ಎದ್ದಾವ, ಇದು ಎದ್ದಿಲ್ಲ.

"ರೀ, ಇದು ಬರವಲ್ದು ನೋಡ್ರಿ."

ಹುಲಿಗೆಪ್ಪ ಅರೆ ನಿದ್ದಿಯಾಗಿಂದ ಕಣ್ಣ ತಗದ. "ಏನ ಬರವಲ್ದು? ನೀರೇನು?"

"ಬೆರಳ್ರಿ, ಬೆರಳು!"

ಎಡಗೈಲೆ ಹಿಡದು ಆಕಿನ ಜಗ್ಗಿದ್ಲು. ಟಕ್ ಅಂತು. ಹಳೇ ಛತ್ರಿ ಬಿಚ್ಚಿಕೊಂಡಂಗ ಒಮ್ಮಿಗೇ ಬಿಚ್ಚಿಕೊಂತು. ಅಂಗೈಯಾಗ ಬೆರಳಿನ ಬುಡಕ್ಕ ಒಂದ ಚಳಕ ಹೊಡೀತು, ಅಷ್ಟ.

ಮರದಿನಾನೂ ಹಂಗ. ಅದರ ಮರದಿನಾನೂ. ಸಾವಂತ್ರೆವ್ವ ಮುಂಜಾನೆದ್ದು ಮಾರಿ ತೊಳಕೊಳ್ಳೂಕಿಂತ ಮೊದಲ ಬೆರಳ ಮುರಿಯಾಕ ಹತ್ತಿದ್ಲು. ಬಾಜೂ ಮನಿ ನೂರಜಹಾನ ಇದನ್ನ ನೋಡಿ ಮಕ್ಕಳನ್ನ ಕರಕೊಂಡ ಬಂದ್ಲು. "ಅಕ್ಕಾ, ಒಮ್ಮೆ ಟಕ್ ಅನಸ, ಇವು ಕೇಳಬೇಕಂತ." ಆಕಿನೂ ಅನಸಿದ್ಲು. ಹುಡುಗರು ಚಪ್ಪಾಳಿ ಹೊಡದ್ವು. ಹುಲಿಗೆಪ್ಪ ಹೊರಗ ಹೋಗಿ, ನಮ್ಮಾಕಿ ಬೆರಳ ಟಕ್ ಅಂದ್ರ ದಾಬೋಲಿಮ್‌ದಾಗ ಇಳಿಯೋ ವಿಮಾನ ಬೆದರಿ ಮತ್ತ ಮ್ಯಾಲ ಹೋಗತೈತಿ ಅಂತ ಸುದ್ದಿ ಹಬ್ಬಿಸಿದ.

ಔಷಧಕ್ಕೇನೂ ಕಡಿಮಿ ಇರ್ಲಿಲ್ಲ. ನೂರಜಹಾನ ಕೊಬ್ಬರೆಣ್ಣಿ ಬಿಸಿ ಮಾಡಿ ಹಚ್ಚಿ, "ನರ ಹೊಳ್ಳೇತಿ, ಜಗ್ಗಬೇಕು" ಅಂತ ದಿನಾ ಎರಡ ಹೊತ್ತ ಜಗ್ಗಿದ್ಲು. ಹುಲಿಗೆಪ್ಪಂದು ಬ್ಯಾರೇನ ವಿಚಾರ. "ನಮ್ಮಪ್ಪಗ ಮಣಕೈ ಹಿಡದಾಗ ಬರಿ ಹಾಕಿದ್ರು. ಕೊಡಗೋಲ ಕಾಸಿ ಚುರ್ ಅನಿಸಿದ್ರ ನೆಟ್ಟಗಾಗತೈತಿ."

"ನಿಮ್ಮಪ್ಪಗ ಮಣಕೈ ನೆಟ್ಟಗಾತೇನು?"

"ಮಣಕೈ ಆಗ್ಲಿಲ್ಲ. ಆದ್ರ ಮತ್ತ ನೋವಂತ ಬಾಯಿ ಬಿಡಲಿಲ್ಲ ನಮ್ಮಪ್ಪ."

ಜಗ್ಗಿದಷ್ಟೂ ಬೆರಳು ಹಟ ಹಿಡೀತು. ಮೊದಲ ಮುಂಜಾನಿ ಒಮ್ಮೆ ಸಿಗತಿತ್ತು, ಈಗ ರೊಟ್ಟಿ ಬಡಿಯೂ ಮುಂದ ನಡುನಡುವ ಸಿಗಾಕ ಹತ್ತಿತು. ಅಂಗೈ ಚಾಚಿ ಬಡೀಬೇಕು, ಒಂದ ಬೆರಳ ಮಡಚಿ ನಿಂತ್ರ ಅದರ ಗೆಣ್ಣ ಹಿಟ್ಟಿನ್ಯಾಗ ನಾಟತೈತಿ. ರೊಟ್ಟಿಗೆ ತೂತ ಬೀಳತೈತಿ.

ಜೂನ್ ನಡುವ ಒಂದ ದಿನ ಮೀರಾಸಾಬ ಸ್ವಂತ ಬಂದ. ಐವತ್ತೈದರ ಮನಿಷ್ಯಾ, ಮಾತ ಮೆತ್ತಗ, ಮನಸ್ಸೂ ಕೆಟ್ಟದಲ್ಲ. ಒಂದ ರೊಟ್ಟಿ ಕಣ್ಣಿಗೆ ಹಿಡಕೊಂಡು ನಿಂತ.

"ಸಾವಂತ್ರಕ್ಕಾ, ಇದರಾಗ ನಿನ್ನ ಮಾರಿ ಕಾಣಾಕತ್ತೈತಿ."

"ಚಲೋ ಕಾಣತೇನಿಲ್ಲೋ ಮೀರಣ್ಣ?"

"ಚಲೋನ ಕಾಣತೀಯವ್ವಾ. ಆದ್ರ ಪುಂಡಿಪಲ್ಯಾನೂ ಕಾಣಾಕತ್ತೈತಿ, ಹುಡುಗರ ಅಂಗಿ ಮ್ಯಾಲ. ನಿನ್ನೆ ಒಬ್ಬಾವ ರೊಟ್ಟ್ಯಾಗ ಬೆರಳ ಹಾಕಿ ತಿರಗಸ್ಕೋತ ಕುಂತಿದ್ದ, ಚಕ್ರ ಅಂತ." ಮೀರಾಸಾಬ ರೊಟ್ಟಿ ಕೆಳಗಿಟ್ಟ. ಮಾತ ಇನ್ನಷ್ಟ ಮೆತ್ತಗಾತು. "ಮ್ಹಾಪಸಾದಾಗ ಒಂದ ಮಷಿನ್ ನೋಡಿ ಬಂದೇನಿ ಅಕ್ಕಾ. ಈ ಕಡೆ ಹಿಟ್ಟ ಹಾಕಿದ್ರ ಆ ಕಡೆ ರೊಟ್ಟಿ ಬೀಳತಾವ. ಚವತಿಗೆ ಹೆಂಗೂ ಎಂಟ ದಿನ ಮೆಸ್ ಬಂದ್ ಇರತೈತಿ. ಅಲ್ಲೀತನಕಾ ನಿನ್ನ ಕೈ ನೋಡತೇನಿ. ಸುಧಾರಿಸ್ಲಿಲ್ಲಂದ್ರ ಮಷಿನ್ ಕೂಡಸೂದನ."

ಅವ ಹೋದ ಮ್ಯಾಲ ಸಾವಂತ್ರೆವ್ವ ಆ ತೂತಿನ ರೊಟ್ಟಿ ಮುಂದ ಭಾಳೊತ್ತ ಕುಂತ್ಲು. ಹೊಟ್ಟಿಗೇನೂ ಕಡಿಮಿ ಬೀಳತಿರ್ಲಿಲ್ಲ, ಹುಲಿಗೆಪ್ಪ ದುಡೀತಿದ್ದ. ಆದ್ರ ಈ ಊರಾಗ ಗುರುತಿನವ್ರನ್ನ ಬಿಟ್ರ ಆಕಿನ್ನ ಯಾರೂ ಹೆಸರ ಹಿಡದ ಕರೀತಿರ್ಲಿಲ್ಲ, ರೊಟ್ಟಿ ಮಾವಶಿ, ಅಂದ್ರ ರೊಟ್ಟಿ ಚಿಗವ್ವ, ಅಂತಿದ್ರು. ಬಸ್ಸಿನ ಕಂಡಕ್ಟರ ಸೈತ ರೊಟ್ಟಿ ಮಾವಶಿ ಬಂದ್ಲು ಜಾಗಾ ಬಿಡ್ರಿ ಅನ್ನತಿದ್ದ. ರೊಟ್ಟಿ ಹೋದ್ರ ಬರೇ ಮಾವಶಿ ಉಳೀತಾಳ. ಬರೇ ಮಾವಶಿಗೋಳು ಸಾಂಖಳ್ಯಾಗ ಸಾವಿರ ಅದಾರ.

ಮರದಿನಾ ಮಳ್ಯಾಗ ಗಂಡನ್ನ ಕರಕೊಂಡು ದವಾಖಾನಿಗೆ ಹೋದ್ಲು. ಮಳಿ ಅಂದ್ರ ಗೋವಾದ ಮಳಿ. ಆ ದಿನ ಎಂಥಾ ಮಳಿ ಅಂದ್ರ ಬಸ್ ಸ್ಟ್ಯಾಂಡಿನ್ಯಾಗ ಮೀನ ಮಾರಾಕಿ ಬುಟ್ಯಾಗಿಂದ ಎರಡ ಬಂಗಡೆ ಈಸಾಡ್ಕೋತ ತಮ್ಮ ಊರಿಗೆ ಹೊಳ್ಳಿ ಹೋದ್ವು.

ಡಾಕ್ಟರಬಾಯಿ ಸಣ್ಣ ವಯಸ್ಸಿನಾಕಿ. ಕೊಂಕಣಿ ಮಾತಾಡ್ತಿದ್ಲು, ಸಾವಂತ್ರೆವ್ವಗ ಕೊಂಕಣಿ ಬರತೈತಿ. ಹುಲಿಗೆಪ್ಪಗ ಬರೂದಿಲ್ಲ, ಬರತೈತಿ ಅಂತ ತಲಿ ಅಲ್ಲಾಡಸ್ತಾನ. ಡಾಕ್ಟರಬಾಯಿ ಅಂಗೈಯಾಗ ಬೆರಳಿನ ಬುಡಕ್ಕ ಒತ್ತಿ, ಮಡಚು, ಬಿಚ್ಚು ಅಂದ್ಲು. ಒತ್ತಿದಲ್ಲಿ ಶೇಂಗಾ ಕಾಳಿನಷ್ಟ ಒಂದ ಗಂಟ ಹರದಾಡಿತು.

"ಮಾವಶಿ, ಇದಕ್ಕ ಟ್ರಿಗರ್ ಫಿಂಗರ್ ಅಂತಾರ. ಬಂದೂಕಿನ ಕುದರಿ ಜಗ್ಗಿದಂಗ ಸಿಕ್ಕು, ಟಕ್ ಅಂತ ಬಿಡತೈತಿ ನೋಡು, ಅದಕ್ಕ."

ಹುಲಿಗೆಪ್ಪ ಹೆಂಡ್ತಿ ಕಿವ್ಯಾಗ ಕೇಳಿದ, "ಬಂದೂಕ ಅಂದ್ಲೇನು? ಪೊಲೀಸ ಕೇಸ ಆಗತೈತೇನ?"

"ಸುಮ್ಮ ಕುಂದರ್ರಿ."

ಡಾಕ್ಟರಬಾಯಿ ನಕ್ಕು, ಹೆಣಮಕ್ಕಳಿಗೆ ತಿಳಿಯೋಹಂಗ ಹೇಳಿದ್ಲು. "ಲಂಗದ ಲಾಡಿ ಇರತೈತಲ್ಲ ಮಾವಶಿ, ಅದು ನೇಫಾದಾಗ, ಅಂದ್ರ ಸೊಂಟದ ಮಡಿಕ್ಯಾಗ, ಹರದಾಡತೈತಿ. ಲಾಡಿಗೆ ಒಂದ ಗಂಟ ಬಿತ್ತಂದ್ರ?"

"ನೇಫಾದ ಬಾಯಾಗ ಸಿಗತೈತಿ. ಜೋರ ಜಗ್ಗಬೇಕು."

"ನಿನ್ನ ಬೆರಳಾಗೂ ಹಂಗ ಒಂದ ಲಾಡಿ ಐತಿ, ಒಂದ ನೇಫಾ ಐತಿ. ಲಾಡಿ ಬಾತೈತಿ, ನೇಫಾ ಬಿಗಿ ಆಗೈತಿ. ಮುಂಜಾನಿ ಬಾವು ಜಾಸ್ತಿ ಇರತೈತಿ, ಅದಕ್ಕ ಮುಂಜಾನಿ ಹೆಚ್ಚ ಸಿಗತೈತಿ. ನೀ ಟಕ್ ಟಕ್ ಅಂತ ಜಗ್ಗಿದಷ್ಟ ಲಾಡಿ ಇನ್ನೂ ಬಾಯ್ತೈತಿ."

ಸಾವಂತ್ರೆವ್ವಗ ನೂರಜಹಾನನ ಎಣ್ಣಿ ನೆನಪಾತು, ಚಪ್ಪಾಳಿ ಹೊಡದ ಹುಡುಗರು ನೆನಪಾದ್ವು.

ರಕ್ತದಾಗಿನ ಸಕ್ಕರಿ ನೋಡಿದ್ರು, ಯಾಕಂದ್ರ ಸಕ್ಕರಿ ಜಡ್ಡಿನವ್ರಿಗೆ ಈ ಬೆರಳಿನ ತ್ರಾಸ ಹೆಚ್ಚಂತ. ಆಕಿದು ನೆಟ್ಟಗಿತ್ತು. "ಒಂದ ಇಂಜೆಕ್ಷನ್ ಐತಿ, ಇದ ಗಂಟಿನ ಹಂತ್ಯಾಕ ಕೊಡತೇವಿ. ಭಾಳ ಮಂದಿಗೆ ಅಷ್ಟಕ್ಕ ಹೋಗತೈತಿ. ಅದಕ್ಕೂ ಬಗ್ಗಲಿಲ್ಲಂದ್ರ ಕೈಗಷ್ಟ ನೋವ ತಿಳೀದಂಗ ಮಾಡಿ ನೇಫಾದ ಬಾಯಿ ಒಂಚೂರ ಕತ್ತರಸ್ತಾರ, ಅದ ದಿನ ಮನಿಗೆ ಹೋಗಬಹುದು."

ಸೂಜಿ ಅಂದ ಕೂಡ್ಲೆ ಸಾವಂತ್ರೆವ್ವ ಕೈ ಸೆರಗಿನ್ಯಾಗ ಮುಚ್ಚಿಟ್ಟಳು. ಹೆರೋದಕ್ಕ ಅಂಜದಾಕಿ ಸೂಜಿಗೆ ಅಂಜತಿದ್ಲು.

"ಆತು, ಮೊದಲ ಆರ ವಾರ ಪಟ್ಟಿ ಕಟ್ಟಿ ನೋಡೂಣು" ಅಂತ ಡಾಕ್ಟರಬಾಯಿ ಬೆರಳಿಗೆ ಒಂದ ಪ್ಲಾಸ್ಟಿಕ್ಕಿನ ಚಪ್ಪಟಿ ಆಸರಾ ಹಾಕಿ, ಬೆರಳ ನೆಟ್ಟಗ ನಿಲ್ಲಿಸಿ ಪಟ್ಟಿ ಸುತ್ತಿದ್ಲು. "ಮಲಗೂ ಮುಂದ ಬಿಡಲೇಬ್ಯಾಡ, ಹಗಲಿಗೂ ಆದಷ್ಟ ಇರ್ಲಿ. ಉಗುರ ಬೆಚ್ಚಗಿನ ನೀರಾಗ ಕೈ ಇಟ್ಟು ಮೆಲ್ಲಕ ಮಡಚು, ಬಿಚ್ಚು, ಜಬರದಸ್ತಿ ಬ್ಯಾಡ. ಮತ್ತ ಮುಖ್ಯ ಮಾತು, ಮುಷ್ಟಿ ಬಿಗಿಹಿಡಿಯೋ ಕೆಲಸಾ ಏನೈತಿ ಅದನ್ನ ಬಿಡು. ಏನ ಕೆಲಸಾ ಮಾಡತಿ?"

"ರೊಟ್ಟಿ ಬಡೀತೇನಿ."

ಬಡದು ತೋರಸು ಅಂದ್ಲು ಡಾಕ್ಟರಬಾಯಿ. ಸಾವಂತ್ರೆವ್ವ ಮೇಜಿನ ಮ್ಯಾಲ ತಪ್ ತಪ್ ತಪಾ ಅಂತ ಬಡದ್ಲು. ಹೊರಗ ಕುಂತ ಪೇಶೆಂಟ ಒಬ್ಬಾಂವ ಹಸಿವಾತು ಅಂತ ಎದ್ದು ಹೋದ.

"ಇದು ಚಾಚಿದ ಕೈ, ಇದರಾಗ ಮುಷ್ಟಿ ಇಲ್ಲ. ನೀ ಬ್ಯಾರೆ ಏನೋ ಹಿಡೀತಿ ಮಾವಶಿ, ಗಟ್ಟಿ, ದಿನಾ, ನೂರಾರ ಸಲಾ. ಮನಿಗೆ ಹೋಗಿ ನಿನ್ನ ಕೈ ಹಿಂದ ನೀನ ತಿರಗು. ಸಿಗತೈತಿ."

ಮನಿಗೆ ಬಂದ ಮ್ಯಾಲ ದೊಡ್ಡ ಪ್ರಶ್ನಿ ಬಂತು. ಬೆರಳು ನೆಟ್ಟಗ ಕಟ್ಟಿದ್ರ ರೊಟ್ಟಿ ಬಡಿಯಾಕ ಆಗೂದಿಲ್ಲ. ಆರ ವಾರ ರೊಟ್ಟಿ ನಿಂತ್ರ ಮೀರಾಸಾಬ ಚವತಿತನಕಾ ಯಾಕ ಕಾಯ್ತಾನ? ನೂರಜಹಾನನ್ನ ಕೇಳಿದ್ರ, "ಯವ್ವಾ, ನನಗ ಚಪಾತಿ ಬರತೈತಿ, ರೊಟ್ಟಿ ಬಡದ್ರ ಅದು ನನ್ನ ಹೊಳ್ಳಿ ಬಡೀತೈತಿ" ಅಂತ ಕೈ ಎತ್ತಿದ್ಲು.

ಹುಲಿಗೆಪ್ಪ ಮೂಲ್ಯಾಗ ಕುಂತು ಬೀಡಿ ಸೇದಾಕತ್ತಿದ್ದ. ಮಳಿಗಾಲದಾಗ ಗಿಲಾವ್ ಕೆಲಸ ಅರ್ಧಕ್ಕರ್ಧ ಬಂದ್. ಸಾವಂತ್ರೆವ್ವ ಗಂಡನ ಅಂಗೈ ನೋಡಿದ್ಲು, ಪರಾತ ನೋಡಿದ್ಲು, ಮತ್ತ ಅಂಗೈ ನೋಡಿದ್ಲು.

"ಹಂಗ್ಯಾಕ ನೋಡಾಕತ್ತಿ?" ಅಂದ ಹುಲಿಗೆಪ್ಪ. ಅವಗ ಅಂಜಿಕಿ ಬಂತು.

"ಗ್ವಾಡಿ ಇಷ್ಟ ನುಣ್ಣಗ ಮಾಡ್ತೀನಿ ಅಂತ ಬಡಾಯಿ ಕೊಚ್ಚತೀರಿ. ಹಿಟ್ಟ ಸಿಮೆಂಟಿಗಿಂತ ಮೆತ್ತಗ ಐತಿ."

"ಲೇ, ನಾ ಗಂಡಸ!"

"ಗಂಡಸ ಅಂತನ ಕೇಳಾಕತ್ತೇನಿ, ಹೆಂಗಸಾಗಿದ್ರ ಇಷ್ಟೊತ್ತಿಗೆ ಬಡದ ಮುಗಿಸಿರತಿದ್ರಿ."

ಬಾಗಲಾ ಹಾಕಿಕೊಂಡು ಶುರು ಮಾಡಿದ್ರು. ಮೊದಲನೇ ರೊಟ್ಟಿ ಗೋವಾದ ನಕಾಶೆ ಆತು, ಎರಡನೇದು ಮಹಾರಾಷ್ಟ್ರ. ಮೂರನೇದನ್ನ ಹೊರಗ ಒಗದ್ರ ಕಾಗಿ ಎತ್ತಿಕೊಂಡ ಹಾರಿತು. ಭಾರಕ್ಕ ಕಾಗಿ ಮನಿ ಹೆಂಚಿನ ಮ್ಯಾಲ ಬಿತ್ತು, ಹೆಂಚ ಒಡೀತು, ರೊಟ್ಟಿ ಒಡೀಲಿಲ್ಲ. ಆ ಹೆಂಚಿನ ಕಿಂಡ್ಯಾಗಿಂದ ಆ ಮಳಿಗಾಲೆಲ್ಲಾ ಸೋರತಿತ್ತು, ಬೇಕಾದ್ರ ಹೋಗಿ ನೋಡ್ರಿ.

ನಾಕ ದಿನಕ್ಕ ಕೈ ಹದಕ್ಕ ಬಂತು. ಗಿಲಾವಿನ ಕೈ ಅದು, ಎಲ್ಲಿ ದಪ್ಪ ಐತಿ ಎಲ್ಲಿ ತೆಳುವು ಐತಿ ಅಂತ ಬೆರಳಿಗೆ ತಾನ ಗೊತ್ತಾಗತಿತ್ತು. ಸಪ್ಪಳ ಮಾತ್ರ ಬ್ಯಾರೆ. ಸಾವಂತ್ರೆವ್ವಂದು ತಪ್ ತಪ್ ತಪಾ, ಹುಲಿಗೆಪ್ಪಂದು ಢಬ್, ಢಬ್, ಆಮ್ಯಾಲ ಒಂದ ಉಸ್ಸ್. ನೂರಜಹಾನ ಗ್ವಾಡಿಗೆ ಕಿವಿ ಹಚ್ಚಿ ಕೇಳಿ ಒದರಿದ್ಲು, "ಅಕ್ಕಾ, ಒಳಗ ಅಣ್ಣನ್ನ ಬಡ್ಯಾಕತ್ತೀಯೋ, ಅಣ್ಣ ಬಡ್ಯಾಕತ್ತಾನೋ?"

ಮೆಸ್ಸಿನ್ಯಾಗ ರೊಟ್ಟಿ ತೂತ ಬಂದ್ ಆದ್ವು, ಅಂಚ ದಪ್ಪ ಆದ್ವು. ಮೀರಾಸಾಬಗ ಏನೋ ಅನುಮಾನ ಬಂತು, ಆದ್ರ ಕೇಳಲಿಲ್ಲ. ಉಣ್ಣೋ ಹುಡುಗರ ಅಂಗಿ ಸ್ವಚ್ಛ ಇದ್ವು.

ಮೂರ ವಾರ ಕಳದ್ವು. ಸಾವಂತ್ರೆವ್ವ ಡಾಕ್ಟರಬಾಯಿ ಹೇಳಿದ್ದ ಎಲ್ಲಾ ಮಾಡಿದ್ಲು. ಅರಿವಿ ಒಗಿಯೂದು ನೂರಜಹಾನಗ ಕೊಟ್ಟಿದ್ಲು. ಕಸಬರಿಗಿ ಹಿಡಿಗೆ ಹಳೇ ಬಟ್ಟಿ ಸುತ್ತಿ ದಪ್ಪ ಮಾಡಿದ್ಲು, ಬಿಗಿಹಿಡಿಯೂದು ಬ್ಯಾಡ ಅಂತ. ಕೊಡಾ ಎಡಗೈಯಾಗ ಎತ್ತತಿದ್ಲು. ಬೆಚ್ಚಗಿನ ನೀರಾಗ ಕೈ ಇಟ್ಟು, ಮೊಗ್ಗ ಅರಳಿಸಿದಂಗ ಮೆಲ್ಲಕ ಮಡಚಿ ಬಿಚ್ಚತಿದ್ಲು. ನೂರಜಹಾನನ ಹುಡುಗರು ಟಕ್ ಅನಸ ದೊಡ್ಡವ್ವಾ ಅಂದ್ರ ಬೈದು ಕಳಸ್ತಿದ್ಲು. ಆದ್ರೂ ಬೆರಳು ಸಿಗೂದ ಬಿಡಲಿಲ್ಲ. ನೋವ ಒಂಚೂರ ಕಡಿಮಿ, ಅಷ್ಟ.

"ಎಲ್ಲಾ ಬಿಟ್ಟೇನಲ್ರಿ" ಅಂದ್ಲು ಗಂಡಗ, "ಇನ್ನೇನ ಬಿಡ್ಲಿ? ಉಸಿರೊಂದ ಉಳದೈತಿ."

ಎಲ್ಲಾ ಬಿಟ್ಟಿರ್ಲಿಲ್ಲ. ಗಂಡ ರೊಟ್ಟಿ ಬಡದು ಹಂಚಿಗೆ ಹಾಕತಿದ್ದ, ಸಾವಂತ್ರೆವ್ವ ಹಂಚಿನ ಮುಂದ ಕುಂತು ನೀರ ಸವರಿ ಬೇಯಿಸ್ತಿದ್ಲು. ಪಟ್ಟಿ ಒದ್ದಿ ಆಗತೈತಿ ಅಂತ ಆ ಹೊತ್ತಿಗಷ್ಟ ಬಿಚ್ಚಿ ಗೂಡಿನ್ಯಾಗ ಇಡತಿದ್ಲು. ಇದನ್ನ ಆಕಿ ಕೆಲಸಾ ಅಂತನ ತಿಳದಿರ್ಲಿಲ್ಲ. ಬಡಿಯೂದು ಕೆಲಸಾ, ನೀರ ಸವರೂದು ಆಟ.

ಒಂದ ಮುಂಜಾನಿ ಬಾಗಲಾ ಬಡದು ಕಿರಾಣಿ ಅಂಗಡ್ಯಾವ ಬಂದ, ಜ್ವಾಳದ ಹಿಟ್ಟಿನ ಚೀಲ ಇಳಸಾಕ. ಸಾವಂತ್ರೆವ್ವ ಹೊರಗ ಎದ್ದು ಹೋದ್ಲು. ಹಂಚಿನ ಮ್ಯಾಲ ರೊಟ್ಟಿ ಇತ್ತು. ಹುಲಿಗೆಪ್ಪ ಒಬ್ಬನ. ಅವ ಏನ ಮಾಡಿದ? ಗ್ವಾಡಿಗೆ ಹೆಂಗ ಮಾಡತಾನೋ ಹಂಗ ಮಾಡಿದ. ಅರಿವಿ ತುಂಡ ಬಟ್ಟಲದಾಗ ಮುಣಗಿಸಿ, ಹಿಂಡಲಾರದ, ಸೋರೂದನ್ನ ಹಂಗ ಎತ್ತಿ ರೊಟ್ಟಿ ಮ್ಯಾಲ ಎಳದ. ಹಂಚ ಸೊಂಯ್ ಅಂತ ಒದರಿತು.

ಸಾವಂತ್ರೆವ್ವ ಹೊಸಲಿ ಮ್ಯಾಲ ಬಂದಿದ್ಲು. "ಅಯ್ಯ! ಹಿಂಡ್ರಿ, ಹಿಂಡ್ರಿ! ನೀರೆಲ್ಲಾ ಹಾಳ ಮಾಡಾಕತ್ತೀರಿ!"

"ಯಾಕ ಹಿಂಡ್ಲಿ? ಗ್ವಾಡಿಗೆ ನೀರ ಕುಡಸಬೇಕ, ಹಿಂಡಿದ್ರ ಬಿರಕ ಬಿಡತೈತಿ."

"ಇದು ಗ್ವಾಡಿ ಅಲ್ರಿ, ರೊಟ್ಟಿ! ಕೊಡ್ರಿಲ್ಲಿ" ಅಂತ ಆಕಿ ಅರಿವಿ ಕಸಗೊಂಡ್ಲು, ಬಟ್ಟಲದ ಮ್ಯಾಲ ಹಿಡದು ಗಟ್ಟಿ ಹಿಂಡಿದ್ಲು. ಹಿಂಡಿದ ಮುಷ್ಟಿ ಬಿಚ್ಚಲಿಲ್ಲ. ನಾಕ ಬೆರಳ ಬಿಚ್ಚಿದ್ವು, ಉಂಗುರ ಬೆರಳು ಅರಿವಿ ಹಿಡಕೊಂಡು ಕುಂತಬಿಟ್ಟಿತ್ತು.

ಹಂಚಿನ ಮ್ಯಾಲ ಹುಲಿಗೆಪ್ಪನ ರೊಟ್ಟಿ ಪುಗ್ಗದಂಗ ಉಬ್ಬಿ ಎದ್ದು ನಿಂತಿತ್ತು.

ಸಾವಂತ್ರೆವ್ವ ರೊಟ್ಟಿ ನೋಡಿದ್ಲು. ಕೈ ನೋಡಿದ್ಲು. ಒಂದ ರೊಟ್ಟಿಗೆ ಒಂದ ಸಲಾ ಹಿಂಡೂದು. ನೂರಾ ಐವತ್ತ ರೊಟ್ಟಿ, ಇಪ್ಪತ್ತೆರಡ ಮಳಿಗಾಲ. ನೀ ಏನೋ ಗಟ್ಟಿ ಹಿಡೀತಿ ಮಾವಶಿ, ನೂರಾರ ಸಲಾ ಅಂದಿದ್ಲು ಡಾಕ್ಟರಬಾಯಿ.

"ಅತ್ತಿ ಹೇಳಿದ್ಲಲ್ರಿ, ಹಿಂಡಬೇಕಂತ" ಅಂದ್ಲು. ದನಿ ಸಣ್ಣದಾಗಿತ್ತು.

ಹುಲಿಗೆಪ್ಪ ಅಂಥಾ ಹೊತ್ತಿನ್ಯಾಗ ನಗಚಾಟಿಕಿ ಮಾಡಾವ, ಆದ್ರ ಈಗ ತನ್ನ ಅವ್ವನ ಹೆಸರ ಬಂದಿತ್ತು. ಹೆಂಡ್ತಿ ಕೈ ತನ್ನ ಕೈಯಾಗ ತಗೊಂಡು, ಜಗ್ಗಲಾರದ, ಎಸರಿನ ನೀರ ಬೆಚ್ಚಗ ಆಗೂಹಂಗ ಆರಿಸಿ ಅದರಾಗ ಇಟ್ಟು, ಬೆರಳ ತಾನ ಸಡಲ ಆಗೋತನಕಾ ಹಿಡಕೊಂಡ ಕುಂತ. ಆಮ್ಯಾಲ ಹೇಳಿದ, "ಅವ್ವ ಆ ಊರಿಗೆ ಖರೇ ಹೇಳಿದ್ಲು ಸಾವಂತ್ರಿ. ಇಲ್ಲಿ ನೋಡ, ಸೂರಿನ್ಯಾಗಿಂದ ಸೋರಿ ನಿನ್ನ ಬಟ್ಟಲ ತಾನ ತುಂಬೈತಿ."

ಖರೇನ ತುಂಬಿತ್ತು. ಕಾಗಿ ಒಡದ ಹೆಂಚಿನ ಕೆಳಗನ ಬಟ್ಟಲ ಇತ್ತು.

ಅವತ್ತಿಂದ ಹಿಂಡೂದು ಬಂದ್. ಪಟ್ಟಿ ಬಿಚ್ಚೂದೂ ಬಂದ್. ಅರಿವಿ ತುಂಡ ತಗದು ಒಗದು, ಹುಲಿಗೆಪ್ಪ ತನ್ನ ಸುಣ್ಣ ಬಳಿಯೋ ಸಾಮಾನದಾಗಿಂದ ಇನ್ನೂ ಬಳಸದ ಒಂದ ಹೊಸ ಬ್ರಶ್ ತಂದ ಕೊಟ್ಟ, ಹಿಡಿ ದಪ್ಪಂದು. ಬಟ್ಟಲದಾಗ ಅದ್ದೂದು, ರೊಟ್ಟಿ ಮ್ಯಾಲ ಬಳಿಯೂದು. ಸಾವಂತ್ರೆವ್ವ ಎಡಗೈಲೆ ಬಳೀತಿದ್ಲು. ರೊಟ್ಟಿಗೆ ಗಿಲಾವ್ ಆಗಿತ್ತು, ಈಗ ಸುಣ್ಣಾನೂ ಆತು ಅಂತ ನೂರಜಹಾನ ನಕ್ಕಿದ್ದ ನಕ್ಕಿದ್ದು.

ಆರ ವಾರಕ್ಕ ದವಾಖಾನಿಗೆ ಹೋದಾಗ ಹಗಲ ಸಿಗೂದು ನಿಂತಿತ್ತು, ಮುಂಜಾನಿ ಮಾತ್ರ ಒಂಚೂರ ಹಿಡೀತಿತ್ತು. ಸಾವಂತ್ರೆವ್ವ ಕಥಿ ಹೇಳಿದ್ಲು, ಬಾಳಮ್ಮ, ಬಾವಿ, ಅರಿವಿ, ಎಲ್ಲಾ. ಡಾಕ್ಟರಬಾಯಿ ಬರಿಯೂ ಪೆನ್ನ ಕೆಳಗಿಟ್ಟು ಕೇಳಿದ್ಲು.

"ಕಳ್ಳ ಸಿಕ್ಕ ಅಂದ್ರ. ಇನ್ನ ಉಳದದ್ದಕ್ಕ ಒಂದ ಇಂಜೆಕ್ಷನ್ ತಗೋ ಮಾವಶಿ. ಚವತಿ ಹತ್ರ ಬಂತು."

ಸಾವಂತ್ರೆವ್ವ ಈ ಸಲಾ ಕೈ ಮುಚ್ಚಿಡಲಿಲ್ಲ. ಕಣ್ಣ ಮುಚ್ಚಿದ್ಲು. ಸೂಜಿ ಚುಚ್ಚಿದ್ದು ಒಂದ ಚಣ ಉರೀತು, ಕೈ ಎರಡ ದಿನ ಜೋಮ ಹಿಡದಂಗಿತ್ತು. ಒದರಿದಾವ ಹುಲಿಗೆಪ್ಪ. ಆಕಿ ಎಡಗೈಲೆ ಅವನ ತೊಡಿ ಹಿಡಕೊಂಡಿದ್ಲು, ಹಂಗಾಗಿ. ಹತ್ತ ದಿನಕ್ಕ ಮುಂಜಾನಿ ಎದ್ದು ನೋಡಿದ್ರ ಐದೂ ಬೆರಳ ಒಂದ ಸಲಕ್ಕ ಎದ್ವು. ಬೆರಳ ಮತ್ತ ಮಲಗಿಸಿ, ಮತ್ತೊಮ್ಮೆ ಏಳಿಸಿ ನೋಡಿದ್ಲಂತ.

ಚವತಿಗೆ ಎರಡ ದಿನ ಇದ್ದಾಗ ಮೀರಾಸಾಬ ಬಂದ. ಹೇಳಿ ಬರಲಿಲ್ಲ. ಬಾಗಲಾ ಹಾಕಿರ್ಲಿಲ್ಲ. ಒಳಗ ನೋಡ್ತಾನ, ಹುಲಿಗೆಪ್ಪ ಹಿಟ್ಟ ನಾದಾಕತ್ತಾನ, ಮಣಕೈತನಕಾ ಹಿಟ್ಟು.

"ಓಹೋ! ನನ್ನ ಮೆಸ್ಸಿಗೆ ರೊಟ್ಟಿ ಬಡದಾವ ಈ ಹುಲಿಯೋ!"

"ಎರಡ ತಿಂಗಳ ಬಡದೇನ್ರಿ ಮೀರಣ್ಣ" ಅಂದ ಹುಲಿಗೆಪ್ಪ, ತಲಿ ತಗ್ಗಿಸಿ. "ಮಂದಿಗೆ ಹೇಳಬ್ಯಾಡ್ರಿ. ಗಿಲಾವಿನ ಮಂದಿ ನನ್ನ ಜೀವಂತ ಬಿಡೂದಿಲ್ಲ."

"ಇವತ್ತ ನಾ ಬಡೀತೇನಿ" ಅಂದ್ಲು ಸಾವಂತ್ರೆವ್ವ. "ನೋಡಾಕ ಬಂದೀಯಲ್ಲ, ಕುಂದ್ರ."

ಮೀರಾಸಾಬ ಮಣಿ ಎಳಕೊಂಡು ಕುಂತ. ಸಾವಂತ್ರೆವ್ವ ಉಂಡಿ ತಗೊಂಡ್ಲು, ಹಿಟ್ಟ ಉದರಿಸಿದ್ಲು, ಕೈ ಚಾಚಿದ್ಲು. ಒಂದ ಗಳಗಿ ಕೈ ಹಂಗ ನಿಂತಿತು. ಹುಲಿಗೆಪ್ಪ ನಾದೂದ ನಿಲ್ಲಿಸಿದ. ಆಮ್ಯಾಲ ತಪ್ ತಪ್ ತಪಾ, ತಪ್ ತಪ್ ತಪಾ. ಗ್ವಾಡಿ ಆ ಕಡೆಯಿಂದ ನೂರಜಹಾನ ಒದರಿದ್ಲು, "ಅಕ್ಕಾ! ಬಂದೀ ಹೊಳ್ಳಿ?"

ರೊಟ್ಟಿ ಹಂಚಿಗೆ ಬಿತ್ತು, ಉಬ್ಬಿತು, ಇಳೀತು. ಮೀರಾಸಾಬ ಎತ್ತಿ ಕಣ್ಣಿಗೆ ಹಿಡದ. ತೂತಿಲ್ಲ. ಮುರದು ಒಂದ ತುಂಡ ಬಾಯಾಗ ಹಾಕಿಕೊಂಡ. ಭಾಳೊತ್ತ ಅಗದ.

"ಮಷಿನ್ನಿಗೆ ನಾ ಮಾತ ಕೊಟ್ಟ ಬಂದೇನಿ ಅಕ್ಕಾ" ಅಂದ.

ಸಾವಂತ್ರೆವ್ವನ ಕೈ ಪರಾತದಾಗ ನಿಂತಿತು.

"ಚಪಾತಿಗೆ. ಅದರಿಂದ ಬಂದ ರೊಟ್ಟಿ ನಿನ್ನೆ ತಿಂದ ನೋಡಿದ್ನಿ. ಪುಸ್ತಕದ ರಟ್ಟ ಅದಕಿಂತ ಚಲೋ. ರೊಟ್ಟಿ ನಿಂದನ. ಆದ್ರ ನೂರಾ ಐವತ್ತ ಬ್ಯಾಡ, ಎಂಬತ್ತ ಸಾಕು, ಉಳದದ್ದ ಚಪಾತಿ ಆಗ್ಲಿ. ಮತ್ತ ಬೆರಳಿಗೆ ತ್ರಾಸ ಆತಂದ್ರ ಮುಚ್ಚಿಡಬ್ಯಾಡ, ಹೇಳು."

"ಎಂಬತ್ತಾ?" ಅಂದ್ಲು ಸಾವಂತ್ರೆವ್ವ. ಮನಸಿನ್ಯಾಗ ಒಂಚೂರ ಕಸಿವಿಸಿ ಆತು, ಕೈಗೆ ಹಿತಾ ಅನಿಸ್ತು. "ನೂರ ಮಾಡೂಣು. ನಾದೂದು ಇವರು ನಾದ್ತಾರ."

"ನನ್ನ ಯಾರ ಕೇಳಿದ್ರು?" ಅಂದ ಹುಲಿಗೆಪ್ಪ.

ಅವನ್ನ ಯಾರೂ ಕೇಳಲಿಲ್ಲ. ಈಗೂ ಅವನ ನಾದತಾನ. ಗಿಲಾವಿನ ಮಂದಿಗೆ ಗೊತ್ತಾಗಿ, ಕೆಲಸಕ್ಕ ಹೋದಲ್ಲೆಲ್ಲಾ "ಬಾರೋ ರೊಟ್ಟಿ ಮಾಮಾ" ಅಂತಾರ. ಸಾವಂತ್ರೆವ್ವನ ಬೆರಳು ಥಂಡಿ ಮುಂಜಾನಿ ಒಮ್ಮೊಮ್ಮೆ ಒಂಚೂರ ಮುನಸ್ಕೊಂಡಂಗ ಮಾಡತೈತಿ. ಆಗ ಜಗ್ಗೂದಿಲ್ಲ, ಬೆಚ್ಚಗಿನ ನೀರಾಗ ಇಡತಾಳ, ಎರಡ ರಾತ್ರಿ ಪಟ್ಟಿ ಕಟ್ಟತಾಳ. ಮತ್ತ ಸಿಕ್ಕರ ಮತ್ತ ದವಾಖಾನಿ ಐತಿ, ಬರಿ ಹಾಕೂ ಕೊಡಗೋಲ ಮಾತ್ರ ಬಾಜಾರದಾಗ ಮಾರಿಬಿಟ್ಟಾಳ.

ಮೀರಾಸಾಬ ಎದ್ದು ಹೋದ ಮ್ಯಾಲ ಆ ದಿನ ಆಕಿ ಎರಡನೇ ರೊಟ್ಟಿ ಹಂಚಿಗೆ ಹಾಕಿದ್ಲು. ಬ್ರಶ್ ಬಟ್ಟಲದಾಗ ಅದ್ದಿ ಎತ್ತಿದ್ಲು. ನೀರ ತೊಟ್ಟಿಕ್ಕಿತು, ನೆಲದ ಮ್ಯಾಲ, ಒಲಿ ಮ್ಯಾಲ, ಸೀರಿ ಮ್ಯಾಲ. ರೂಢಿ ಹೋಗಿರ್ಲಿಲ್ಲ, ಕೈ ಹಿಂಡಾಕ ಬಿಗಿ ಆತು. ಆಕಿ ಹೊಳ್ಳಿ ಬೆನ್ನ ಹಿಂದ ನೋಡಿದ್ಲು. ಅಲ್ಲಿ ಬಾಗಲಾ ಇತ್ತು, ಬಾಗಲದಾಚಿ ಮಳಿ ಇತ್ತು.

"ಇರ್ಲಿ ಬಿಡ್ರಿ ಅತ್ತಿ" ಅಂದ್ಲು. "ಇಲ್ಲಿ ನೀರ ಯಾರೂ ಹೊರೂದಿಲ್ಲ."

ಕೈ ಸಡಲ ಬಿಟ್ಟಳು.